ಶಿವಳ್ಳಿ ಎಲ್ಲಿದೆ?

ಕೆಲವು ವರ್ಷಗಳ ಹಿಂದೆ ಸ್ಥಳನಾಮಗಳ ಕುರಿತ ಕಿರು ಅಧ್ಯಯನಕ್ಕಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳ ಒಂದು ತಂಡವನ್ನು ಕರೆದುಕೊಂಡು ಮಣಿಪಾಲಕ್ಕೆ ಹೋಗಿದ್ದೆ. ಟೈಗರ್ ಸರ್ಕಲ್ಲಿನಲ್ಲಿ ಬಸ್ಸಿನಿಂದಿಳಿದ ಕೂಡಲೇ ಒಬ್ಬ ವಿದ್ಯಾರ್ಥಿನಿ ತನ್ನ ಟಿಪ್ಪಣಿ ಪುಸ್ತಕ ತೆರೆದು, “ಸರ್, ಶಿವಳ್ಳಿ ಇಲ್ಲಿಂದ ಎಷ್ಟು ದೂರ?” ಎಂದು ಕೇಳಿದಳು. ನಾವು ನಿಂತಿದ್ದುದೇ ಶಿವಳ್ಳಿಯಲ್ಲಿ ಎಂದು ಹೇಳಿದಾಗ ಆಕೆ ಸುತ್ತ ನೋಡಿದಳು. ಕಣ್ಣಿಗೆ ಬಿದ್ದುದು ಆಸ್ಪತ್ರೆಯ ಸಮುಚ್ಚಯ, ಬಹುಮಹಡಿ ವಸತಿಗೃಹಗಳು, ಊಟದಂಗಡಿಗಳ ಫಲಕಗಳು, ನಾನಾ ರಾಜ್ಯಗಳ ಭಾಷೆಯಾಡುತ್ತ ಹೋಗುತ್ತಿದ್ದ ಯುವಜನರು. ‘ಶಿವಳ್ಳಿ’ ಎಂಬ ಅಕ್ಷರಗಳು ಎಲ್ಲಿಯೂ ಇರಲಿಲ್ಲ.

ಆಕೆಯ ಪ್ರಶ್ನೆ ಅಜ್ಞಾನದಿಂದ ಬಂದುದಲ್ಲ. ಅವಳು ಶಿವಳ್ಳಿಯ ಹೆಸರನ್ನು ಪುಸ್ತಕಗಳಲ್ಲಿ ಓದಿದ್ದಳು; ಭೂಮಿಯ ಮೇಲೆ ಅದನ್ನು ಗುರುತಿಸಲು ಬೇಕಾದ ಕುರುಹುಗಳನ್ನು ನಾವು ಅವಳ ತಲೆಮಾರಿಗೆ ಉಳಿಸಿಕೊಟ್ಟಿರಲಿಲ್ಲ. ಒಂದು ಹಳೆಯ ಗ್ರಾಮ ಯೋಜಿತ ಆಧುನಿಕ ಪಟ್ಟಣವೊಂದರೊಳಗೆ ಸೇರಿಹೋಗುವಾಗ ಏನು ಕಳೆಯುತ್ತದೆ, ಏನು ಉಳಿಯುತ್ತದೆ, ಉಳಿಸುವ ಹೊಣೆ ಯಾರದು ಎಂಬುದನ್ನು ಆ ಪ್ರಶ್ನೆಯ ಬೆನ್ನುಹಿಡಿದು ಇಲ್ಲಿ ಪರಿಶೀಲಿಸಬಯಸುತ್ತೇನೆ. ಪಟ್ಟಣಗಳ ಬೆಳವಣಿಗೆಯನ್ನು ವಿರೋಧಿಸುವುದು ನನ್ನ ಉದ್ದೇಶವಲ್ಲ. ಊರಿನ ಹೆಸರುಗಳೆಂದರೆ ಆ ಊರು ತನ್ನ ನೆಲದ ಬಗ್ಗೆ ಗಳಿಸಿಟ್ಟ ತಿಳಿವಳಿಕೆ. ಅದನ್ನು ಬರೆದಿಡದೆ ನೆಲವನ್ನು ಮಾತ್ರ ಪಟ್ಟಣಕ್ಕೆ ಒಪ್ಪಿಸುವುದು ತಪ್ಪು ಎಂಬುದಷ್ಟೇ ನನ್ನ ವಾದ.

ಶಿವಳ್ಳಿಯೆಂಬುದು ಉಡುಪಿಯ ಪ್ರಾಚೀನ ಹೆಸರು. ಮಾಧ್ವ ಸಂಪ್ರದಾಯದ ಸಂಸ್ಕೃತ ಗ್ರಂಥಗಳಲ್ಲಿ ಬರುವ ‘ರಜತಪೀಠಪುರ’, ‘ರೂಪ್ಯಪೀಠಪುರ’ ಎಂಬ ಹೆಸರುಗಳನ್ನು ‘ಶಿವಬೆಳ್ಳಿ’ ಎಂಬ ಜನಪ್ರಿಯ ನಿಷ್ಪತ್ತಿಯೊಂದಿಗೆ ಹೊಂದಿಸಿ ಹೇಳುವುದುಂಟು. ಸ್ಥಳನಾಮಶಾಸ್ತ್ರದ ದೃಷ್ಟಿಯಿಂದ ‘ಹಳ್ಳಿ’ ಎಂಬ ಉತ್ತರಪದವನ್ನು ಅದರಲ್ಲಿ ಕಾಣುವುದು ಹೆಚ್ಚು ಸಹಜವೆಂದು ನನ್ನ ಅಭಿಪ್ರಾಯ. ನಿಷ್ಪತ್ತಿ ಏನೇ ಇರಲಿ, ಈ ಹೆಸರು ಮಾಡಿರುವ ಪ್ರಯಾಣ ಮಾತ್ರ ಸೋಜಿಗದ್ದು. ಅದು ಒಂದು ಸಮುದಾಯದ ಹೆಸರಾಯಿತು. ತುಳುವಿನ ಒಂದು ಸಾಮಾಜಿಕ ಉಪಭಾಷೆ ‘ಶಿವಳ್ಳಿ ತುಳು’ ಎನಿಸಿಕೊಂಡು ಭಾಷಾಶಾಸ್ತ್ರದ ಗ್ರಂಥಗಳನ್ನು ಸೇರಿತು. ಅಡುಗೆಯವರ ಸೌಟಿನೊಡನೆ ಮುಂಬಯಿ, ಮದರಾಸು, ಬೆಂಗಳೂರುಗಳಿಗೆ ಹೋಗಿ ಹೋಟೆಲಿನ ಫಲಕವನ್ನೂ ಏರಿತು. ಹೀಗೆ ಲೋಕವನ್ನೆಲ್ಲ ಸುತ್ತಿದ ಹೆಸರು ತಾನು ಹುಟ್ಟಿದ ನೆಲದ ಮೇಲೆ ಮಾತ್ರ ಕಂದಾಯ ಇಲಾಖೆಯ ಕಾಗದಗಳಿಗೆ ಸೀಮಿತವಾಯಿತು. ಮಣಿಪಾಲದಲ್ಲಿ ಫ್ಲ್ಯಾಟು ಕೊಳ್ಳುವವರು ಕ್ರಯಪತ್ರದಲ್ಲಿ ‘ಶಿವಳ್ಳಿ ಗ್ರಾಮ’ ಅಥವಾ ‘ಹೆರ್ಗ ಗ್ರಾಮ’ ಎಂಬ ಮಾತನ್ನು ಬಹುಶಃ ಮೊದಲನೆಯ ಸಲ ಓದುತ್ತಾರೆ. ಸಹಿ ಹಾಕಿದ ಮೇಲೆ ಅದನ್ನು ಮರೆತುಬಿಡುತ್ತಾರೆ.

ಜಿಲ್ಲಾಡಳಿತದ ಕಚೇರಿಗಳಿರುವ ಮಣಿಪಾಲದ ಕಟ್ಟಡಕ್ಕೆ ‘ರಜತಾದ್ರಿ’ ಎಂದು ಹೆಸರಿಟ್ಟಿದ್ದಾರೆ. ಅದನ್ನು ಓದಿದಾಗಲೆಲ್ಲ ನನಗೆ ರಜತಪೀಠಪುರದ ನೆನಪಾಗುತ್ತದೆ. ಹಳೆಯ ಊರು ಸಂಸ್ಕೃತದ ವೇಷದಲ್ಲಿ ಗುಡ್ಡದ ಮೇಲಿನ ಕಚೇರಿಯಾಗಿ ನಿಂತಿದೆ. ಅದರ ಆಡುಮಾತಿನ ಹೆಸರು ಅದೇ ಕಚೇರಿಯೊಳಗಿನ ಕಡತಗಳಲ್ಲಿ ಮಲಗಿದೆ.

ಇನ್ನು ಮಣಿಪಾಲದ ವಿಷಯ. ಮಣ್ಣು ಮತ್ತು ಪಳ್ಳ, ಅಂದರೆ ಕೆಸರುಕೆರೆ, ಎಂಬ ಎರಡು ಪದಗಳಿಂದ ಈ ಹೆಸರು ಬಂದಿತೆಂದು ಸ್ಥಳೀಯರು ಹೇಳುತ್ತಾರೆ. ಆ ಮಣ್ಣಪಳ್ಳ ಇಂದಿಗೂ ಸಂಜೆಯ ವಾಯುವಿಹಾರಿಗಳ ಕೆರೆಯಾಗಿ ಉಳಿದಿದೆ. ಅಂದರೆ ದೊಡ್ಡ ಗ್ರಾಮವೊಂದರ ಅಂಚಿನ ಕೆರೆಯ ಹೆಸರು ಮುಂದೆ ಆ ಗ್ರಾಮವನ್ನೇ ಮುಚ್ಚಿತು. ಡಾ. ಟಿ.ಎಂ.ಎ. ಪೈ ಅವರು (1898–1979) 1942ರಲ್ಲಿ ಇಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯನ್ನು ಕಟ್ಟಿದರು. ಈ ಜಿಲ್ಲೆ ಇನ್ನೂ ಮದರಾಸು ರಾಜ್ಯದಲ್ಲಿದ್ದಾಗಲೇ, 1953ರಲ್ಲಿ, ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು ಮಣಿಪಾಲದಲ್ಲಿ ತನ್ನ ಪ್ರಧಾನ ಕಚೇರಿಯನ್ನು ಹೊಂದಿತು. 1970ರಿಂದ ‘ಉದಯವಾಣಿ’ ಪತ್ರಿಕೆ ಇಲ್ಲಿಂದ ಹೊರಟು ಮಣಿಪಾಲದ ಹೆಸರನ್ನು ಬೆಳಗಿನ ಚಹದೊಡನೆ ಕರಾವಳಿಯ ಮನೆಮನೆಗೆ ಮುಟ್ಟಿಸಿತು. 1993ರಲ್ಲಿ ಮಾನಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಆಡಳಿತದ ಕೇಂದ್ರವೂ ಗುಡ್ಡವನ್ನೇರಿತು.

ಇದು ಸಣ್ಣ ಸಾಧನೆಯಲ್ಲ. ನನ್ನ ಕುಟುಂಬವೂ ಸೇರಿ ಈ ಜಿಲ್ಲೆಯ ಸಾವಿರಾರು ಮನೆಗಳು ಆ ಆಸ್ಪತ್ರೆಯ ಋಣದಲ್ಲಿವೆ. ಆದರೆ ಮಣಿಪಾಲದ ಕತೆಯನ್ನು ಹೇಳುವವರೆಲ್ಲ ಒಂದೇ ವಾಕ್ಯದಿಂದ ಆರಂಭಿಸುತ್ತಾರೆ: ‘ಇಲ್ಲಿ ಏನೂ ಇರಲಿಲ್ಲ, ಬರೀ ಬೋಳುಗುಡ್ಡವಿತ್ತು’ ಎಂದು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅನುಮಾನದಿಂದ ಓದಬೇಕಾದುದು ಈ ವಾಕ್ಯವನ್ನು. ನಗರನಿರ್ಮಾಣದ ಕಥನಗಳಲ್ಲಿ ಇದು ಬಹಳ ಹಳೆಯ ಆಶಯ. ಕಟ್ಟುವವನ ಹಿರಿಮೆಯನ್ನು ಎತ್ತಿ ತೋರಿಸಬೇಕಾದರೆ ಕಟ್ಟುವ ಮುಂಚಿನ ನೆಲ ಶೂನ್ಯವಾಗಿರಬೇಕಾಗುತ್ತದೆ.

ಮುರಕಲ್ಲಿನ ಗುಡ್ಡ ಬೋಳಾಗಿದ್ದಿರಬಹುದು, ಆದರೆ ಒಡೆತನವೂ ಉಪಯೋಗವೂ ಇಲ್ಲದ ನೆಲವಾಗಿರಲಿಲ್ಲ. ತುಳುನಾಡಿನ ಬೇಸಾಯದಲ್ಲಿ ಪದವು, ಗುಡ್ಡಗಳು ಗದ್ದೆಯ ಬೆನ್ನೆಲುಬು. ದನಗಳು ಮೇಯುತ್ತಿದ್ದುದು ಅಲ್ಲಿ. ಗದ್ದೆಗೆ ಹಾಕುವ ಸೊಪ್ಪು, ಹಟ್ಟಿಗೆ ಹಾಸುವ ತರಗೆಲೆ, ಒಲೆಯ ಸೌದೆ, ಮಾಡಿಗೆ ಹೊದಿಸುವ ಮುಳಿಹುಲ್ಲು ಬರುತ್ತಿದ್ದುದು ಅಲ್ಲಿಂದ. ದಕ್ಷಿಣ ಕನ್ನಡದ ಕಂದಾಯ ಪದ್ಧತಿ ಇದನ್ನು ಒಪ್ಪಿಕೊಂಡಿತ್ತು. ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಬಂಜರಿನಲ್ಲಿ ಸೊಪ್ಪು, ಸೌದೆ, ಹುಲ್ಲುಗಳನ್ನು ಪಡೆಯುವ ‘ಕುಮ್ಕಿ’ ಸವಲತ್ತು ವರ್ಗದಾರನಿಗೆ ಇತ್ತು. ಹೀಗಿರುವಾಗ ‘ಏನೂ ಇರಲಿಲ್ಲ’ ಎಂಬುದು ಕಟ್ಟಡವನ್ನು ಮಾತ್ರ ಎಣಿಸುವ ಕಣ್ಣಿನ ತೀರ್ಪು. ಸೊಪ್ಪು ತರಲು ಗುಡ್ಡ ಹತ್ತುತ್ತಿದ್ದ ಹೆಂಗಸಿಗೆ ಅಲ್ಲಿನ ಒಂದೊಂದು ಬಂಡೆಗೂ, ಒಂದೊಂದು ಪಳ್ಳಕ್ಕೂ ಹೆಸರಿತ್ತು. ಹೆಸರಿಲ್ಲದಿದ್ದರೆ ‘ಮಣ್ಣಪಳ್ಳ’ ಎಂಬ ಪದವಾದರೂ ಎಲ್ಲಿಂದ ಬರುತ್ತಿತ್ತು?

ಆ ಹಳೆಯ ಗ್ರಾಮದ ನಕ್ಷೆಯನ್ನು ಈಗಲೂ ಬರೆಯಬಹುದೇ? ಬಹುಮಟ್ಟಿಗೆ ಬರೆಯಬಹುದು, ಅದಕ್ಕೆ ಬೇಕಾದ ಸಾಮಗ್ರಿ ಹೆಸರುಗಳಲ್ಲಿಯೇ ಇದೆ. ತುಳುನಾಡಿನಲ್ಲಿ ಭತ್ತದ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. ಬೈಲು ತಗ್ಗಿನ ನೀರಾಸರೆಯ ಗದ್ದೆ; ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಅದು ಕೊಡಬಲ್ಲದು. ಮಜಲು ನಡುಮಟ್ಟದ್ದು, ಎರಡು ಬೆಳೆಯದು. ಬೆಟ್ಟು ಎತ್ತರದ್ದು, ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಗದ್ದೆ. ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಗಳು ‘ಬೆಟ್ಟು’ ಎಂಬುದನ್ನು ‘ಬೆಟ್ಟ’ವೆಂದು ತಿಳಿಯುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ. ಕರಾವಳಿಯ ಬೆಟ್ಟು ಶಿಖರವಲ್ಲ, ಗುಡ್ಡದ ಬುಡದ ಮಳೆಗದ್ದೆ.

ಈ ತಿಳಿವಳಿಕೆಯೊಂದಿಗೆ ಮಣಿಪಾಲದ ಸುತ್ತಿನ ಹೆಸರುಗಳನ್ನು ನೋಡಬೇಕು. ಕುಂಜಿಬೆಟ್ಟು, ಸೆಟ್ಟಿಬೆಟ್ಟು, ಸರಳೇಬೆಟ್ಟು, ಬಡಗಬೆಟ್ಟು: ಗುಡ್ಡದ ಸುತ್ತ ಬೆಟ್ಟುಗಳದೇ ಒಂದು ಬಳೆ. ಇನ್ನೂ ಕೆಳಗಿಳಿದು ಉಡುಪಿಯ ಕಡೆ ಬಂದರೆ ಗುಂಡಿಬೈಲು, ಬೈಲೂರು. ನಡುವೆ ಕಲ್ಸಂಕ, ಅಂದರೆ ತೊರೆಗೆ ಅಡ್ಡಲಾಗಿ ಹಾಸಿದ ಕಲ್ಲಿನ ಸಂಕ. ಮೇಲೆ ಮುರಕಲ್ಲಿನ ಪದವು, ಅದರ ಬುಡದಲ್ಲಿ ಮಳೆಯಾಶ್ರಯದ ಬೆಟ್ಟುಗದ್ದೆಗಳು, ತಗ್ಗಿನಲ್ಲಿ ನೀರು ನಿಲ್ಲುವ ಬೈಲು, ಬೈಲಿನ ನಡುವೆ ಹರಿಯುವ ತೊರೆ, ತೊರೆಗೊಂದು ಸಂಕ. ಒಂದು ಗೆರೆಯನ್ನೂ ಎಳೆಯದೆ ಹೆಸರುಗಳು ಇಡೀ ಭೂರಚನೆಯನ್ನು ನಮ್ಮೆದುರು ಬಿಡಿಸುತ್ತವೆ. ತೆಂಕನಿಡಿಯೂರು, ಬಡಾನಿಡಿಯೂರು, ಮೂಡನಿಡಂಬೂರುಗಳಲ್ಲಿ ದಿಕ್ಕುಗಳಿವೆ. 76 ಬಡಗಬೆಟ್ಟು, 80 ಬಡಗಬೆಟ್ಟು, 52ನೇ ಹೇರೂರು ಎಂಬಂತಹ ಹೆಸರುಗಳಲ್ಲಿ ಕಂದಾಯ ದಾಖಲೆಯ ಅಂಕಿಗಳು ಕೂಡ ಊರಿನ ಹೆಸರಿನ ಅಂಗವಾಗಿಬಿಟ್ಟಿವೆ.

ಹೆಸರನ್ನು ಮರೆಯುವುದು ಕೇವಲ ಭಾವುಕ ನಷ್ಟವಲ್ಲ. 2020ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಉಡುಪಿ ನಗರದ ತಗ್ಗು ಬಡಾವಣೆಗಳು ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಇಂದ್ರಾಳಿಯ ಕಡೆಯಿಂದ ಇಳಿದು ಕಲ್ಸಂಕವನ್ನು ಹಾದು ಪಡುವಣಕ್ಕೆ ಹೋಗುವ ಇಂದ್ರಾಣಿ ತೊರೆ ಅಂದು ತನ್ನ ಹಳೆಯ ಜಾಗವನ್ನು ಕೇಳಿಕೊಂಡು ಬಂದಂತಿತ್ತು. ಗುಂಡಿಯೆಂದೂ ಬೈಲೆಂದೂ ಹಿರಿಯರು ಹೆಸರಿಟ್ಟ ಜಾಗದಲ್ಲಿ ಮನೆ ಕಟ್ಟುವಾಗ ಆ ಹೆಸರಿನ ಅರ್ಥವನ್ನು ಯಾರಾದರೂ ಕೇಳಿದ್ದರೆ ತಳಪಾಯವಾದರೂ ಎರಡಡಿ ಎತ್ತರವಾಗುತ್ತಿತ್ತು. ಬೈಲಿನಲ್ಲಿ ನೀರು ನಿಲ್ಲುವುದು ದುರಂತವಲ್ಲ, ಅದು ಬೈಲಿನ ಸ್ವಭಾವ. ಆ ಸ್ವಭಾವವನ್ನು ಎರಡಕ್ಷರದಲ್ಲಿ ಬರೆದಿಟ್ಟಿದ್ದರೂ ಓದಲಾರದವರಾಗಿದ್ದೇವೆ.

ಇಂತಹ ಅನುಭವ ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನಲ್ಲಿ 1967ರ ಜನವರಿಯಲ್ಲಿ ಬಕಿಂಗ್‌ಹ್ಯಾಮ್‌ಶೈರಿನ ಹೊಲಗದ್ದೆಗಳ ನಡುವೆ ಸುಮಾರು 2,50,000 ಜನರಿಗಾಗಿ ಒಂದು ಹೊಸ ನಗರವನ್ನು ಕಟ್ಟುವ ಘೋಷಣೆಯಾಯಿತು. ಅದಕ್ಕೆ ಆ ಸೀಮೆಯ ಒಂದು ಸಣ್ಣ ಹಳ್ಳಿಯ ಹೆಸರನ್ನೇ ಇಟ್ಟರು: ಮಿಲ್ಟನ್ ಕೀನ್ಸ್. 1086ರ ಡೂಮ್ಸ್‌ಡೇ ದಾಖಲೆಯಲ್ಲಿಯೇ ಕಾಣುವ, ‘ನಡುವಿನ ಊರು’ ಎಂಬರ್ಥದ ಹಳೆಯ ಇಂಗ್ಲಿಷ್ ಹೆಸರು ಅದು; ಅದರ ಬಾಲಕ್ಕೆ ನಾರ್ಮನ್ ಜಮೀನುದಾರ ಮನೆತನವೊಂದರ ಹೆಸರು ಅಂಟಿಕೊಂಡಿದೆ. ಈಗ ನಗರವೇ ಆ ಹೆಸರನ್ನು ತೆಗೆದುಕೊಂಡಿರುವುದರಿಂದ ಮೂಲ ಹಳ್ಳಿಯನ್ನು ‘ಮಿಲ್ಟನ್ ಕೀನ್ಸ್ ವಿಲೇಜ್’ ಎಂದು ಬಿಡಿಸಿ ಹೇಳಬೇಕಾಗಿದೆ. ಮಣ್ಣಪಳ್ಳದ ಹೆಸರು ಮಣಿಪಾಲವಾಗಿ ಹಬ್ಬಿದ ಕತೆಗೂ ಇದಕ್ಕೂ ಹೋಲಿಕೆಯಿದೆ.

ಆದರೆ ಒಂದು ಮುಖ್ಯ ವ್ಯತ್ಯಾಸವೂ ಇದೆ. ಅಲ್ಲಿನ ಯೋಜಕರು ಸುಮಾರು ಒಂದೊಂದು ಕಿಲೋಮೀಟರಿಗೆ ಹೆದ್ದಾರಿಗಳ ಚೌಕಗಳನ್ನು ಹೆಣೆದಾಗ ಹಳೆಯ ಹಳ್ಳಿಗಳನ್ನು ಅವುಗಳ ಚರ್ಚು, ಹುಲ್ಲುಬಯಲುಗಳ ಸಮೇತ ಚೌಕಗಳ ನಡುವೆ ಉಳಿಸಿದರು. ವಿಲೆನ್, ಗ್ರೇಟ್ ಲಿನ್‌ಫರ್ಡ್, ಬ್ರಾಡ್ವೆಲ್ ಮುಂತಾದ ಹಳ್ಳಿಗಳ ಹೆಸರುಗಳನ್ನು ಹೊಸ ಬಡಾವಣೆಗಳೂ ಹೊತ್ತವು. ಇದು ಸಾಧ್ಯವಾದುದಕ್ಕೆ ಒಂದು ಹಿನ್ನೆಲೆಯಿದೆ. ಇಂಗ್ಲಿಷ್ ಸ್ಥಳನಾಮ ಸಂಘ ಸ್ಥಾಪನೆಯಾದುದು 1923ರಲ್ಲಿ. ಅದರ ಬಕಿಂಗ್‌ಹ್ಯಾಮ್‌ಶೈರ್ ಸಂಪುಟ ಪ್ರಕಟವಾದುದು 1925ರಲ್ಲಿ. ಹೊಸ ನಗರದ ನಕ್ಷೆ ಮೇಜಿನ ಮೇಲೆ ಬರುವುದಕ್ಕೆ ನಾಲ್ಕು ದಶಕಗಳ ಮುಂಚೆಯೇ ಆ ಸೀಮೆಯ ಊರುಗಳ ಹೆಸರುಗಳು ವಿದ್ವಾಂಸರ ಕೈಯಲ್ಲಿ ಅಚ್ಚಾಗಿದ್ದವು. ಅಲ್ಲಿ ಮೊದಲು ಬಂದುದು ಕೋಶ, ಆಮೇಲೆ ಬುಲ್‌ಡೋಜರು. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಇದನ್ನು ನಮ್ಮ ಸೋಲೆಂದು ಹೇಳುವಾಗ ನಮ್ಮ ವಿದ್ವಾಂಸರ ದುಡಿಮೆಯನ್ನು ಮರೆಯಲಾಗದು. ಶಂ.ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಸ್ಥಳನಾಮಗಳನ್ನು ಚರಿತ್ರೆಯ ಆಕರವಾಗಿ ಓದುವ ಬಗೆಯನ್ನು ಕನ್ನಡಕ್ಕೆ ಕಲಿಸಿದರು. ಡಾ. ಪಿ. ಗುರುರಾಜ ಭಟ್ಟರು ತುಳುನಾಡಿನ ಊರೂರು ಅಲೆದು ಕಂಡ ಶಾಸನ, ದೇವಾಲಯ, ಮೂರ್ತಿಗಳ ಫಲವಾಗಿ 1975ರಲ್ಲಿ ತುಳುವ ಇತಿಹಾಸ–ಸಂಸ್ಕೃತಿಗಳ ಬೃಹದ್ಗ್ರಂಥ ಬಂತು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ‘ತುಳು ನಿಘಂಟು’ವಿನ ಆರು ಸಂಪುಟಗಳನ್ನು ಹೊರತಂದಿತು. ಬೆಟ್ಟು, ಬೈಲು, ಪಳ್ಳ, ಸಂಕಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ತೋರಿಸಲು ನಾನು ತೆರೆಯುವುದು ಅದೇ ಸಂಪುಟಗಳನ್ನು. ಎಂ.ಜಿ.ಎಂ. ಕಾಲೇಜು 1949ರಲ್ಲಿ ಟಿ.ಎಂ.ಎ. ಪೈ ಅವರ ಅದೇ ಅಕಾಡೆಮಿಯಿಂದ ಹುಟ್ಟಿದ್ದು. ಅದು ನಿಂತಿರುವುದು ಕುಂಜಿಬೆಟ್ಟಿನಲ್ಲಿ. ಹಳೆಯ ಗ್ರಾಮವನ್ನು ಮುಚ್ಚಿದ ಸಂಸ್ಥೆಗಳ ನೆರಳಿನಲ್ಲಿಯೇ ಆ ಗ್ರಾಮವನ್ನು ಓದುವ ಕೀಲಿಕೈಯೂ ಸಿದ್ಧವಾಯಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಕೀಲಿಕೈ ಕೈಯಲ್ಲಿದೆ, ಬಾಗಿಲುಗಳ ಪಟ್ಟಿಯನ್ನು ಮಾತ್ರ ಯಾರೂ ಮಾಡಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದಕ್ಕೊಂದು ದೊಡ್ಡ ಉದಾಹರಣೆ. ಬೀಳುತ್ತಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಅವರ ಶ್ರದ್ಧೆಗೆ ಸಮನಾದುದು ನಮ್ಮಲ್ಲಿ ವಿರಳ. ನಮ್ಮ ಕಾಪು ಸೀಮೆಯ ಕುಂಜೂರಿನ ಚೌಕಿಮನೆಯೂ ಅಲ್ಲಿದೆ. ಅದರ ಜಗಲಿಯಲ್ಲಿ ನಿಂತಾಗ ಪ್ರತಿಸಲವೂ ನನ್ನಲ್ಲಿ ಎರಡು ಭಾವಗಳು ಏಳುತ್ತವೆ. ಮನೆ ಉಳಿಯಿತಲ್ಲ ಎಂಬ ಕೃತಜ್ಞತೆ ಒಂದು. ಮನೆಯನ್ನು ಹೊತ್ತು ತರಬಹುದು, ಮನೆಯೆದುರಿನ ಗದ್ದೆಯನ್ನು, ಗದ್ದೆಗೆ ನೀರು ಬರುತ್ತಿದ್ದ ತೋಡನ್ನು ತರಲಾಗದಲ್ಲ ಎಂಬ ಕೊರಗು ಇನ್ನೊಂದು. ಗದ್ದೆ, ತೋಡುಗಳನ್ನು ತರಲು ಸಾಧ್ಯವಿರುವ ವಾಹನ ಒಂದೇ: ಅವುಗಳ ಹೆಸರು.

ಹೆಸರಿಡುವ ಅಧಿಕಾರವುಳ್ಳವರೇ ಯಾವಾಗಲೂ ಗೆಲ್ಲುತ್ತಾರೆಂದೂ ಭಾವಿಸಬೇಕಾಗಿಲ್ಲ. ಕಾರ್ಕಳವನ್ನೇ ನೋಡಿ. 1432ರಲ್ಲಿ ವೀರಪಾಂಡ್ಯನು ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ, 1586ರಲ್ಲಿ ಇಮ್ಮಡಿ ಭೈರವನು ಚತುರ್ಮುಖ ಬಸದಿಯನ್ನು ಕಟ್ಟಿಸಿದ ಆ ಊರು ಶಾಸನ–ಕಾವ್ಯಗಳಲ್ಲಿ ‘ಪಾಂಡ್ಯನಗರಿ’ ಎಂದೂ ಕಾಣುತ್ತದೆ. ಅರಸರ ಮನ್ನಣೆ, ಕವಿಗಳ ಬಿರುದು ಎರಡೂ ಆ ಹೆಸರಿಗಿದ್ದವು. ಆದರೂ ಜನರ ಬಾಯಲ್ಲಿ ನಿಂತುದು ಕಾರ್ಕಳ, ತುಳುವಿನಲ್ಲಿ ಕಾರ್ಲ. ಪಾಂಡ್ಯನಗರಿಯನ್ನು ಇಂದು ಹುಡುಕಿ ಓದಬೇಕು. ನಾಳೆ ಮಣಿಪಾಲದ ಎಷ್ಟು ‘ನಗರ’ಗಳು ಹೀಗೆ ಶಾಸನದ ಪದಗಳಾಗಿ ಉಳಿಯಲಿವೆಯೋ ಬಲ್ಲವರಾರು! ಯೋಜಿತ ಪಟ್ಟಣದ ಹೆಗ್ಗುರುತಾಗಿದ್ದ ಸಿಂಡಿಕೇಟ್ ಬ್ಯಾಂಕಿನ ಹೆಸರೇ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಕಣ್ಮರೆಯಾಯಿತು. ಅಂದು ಮಣಿಪಾಲದ ಹಿರಿಯ ನೌಕರರು ಪಟ್ಟ ದುಃಖವನ್ನು ಹತ್ತಿರದಿಂದ ಬಲ್ಲೆ. ಹೆಸರು ಹೋದರೆ ತಮ್ಮ ದುಡಿಮೆಯ ಚರಿತ್ರೆಯೇ ಹೋದಂತೆ ಎಂದು ಅವರಿಗನಿಸಿತು. ಶಿವಳ್ಳಿಯ ಬೆಟ್ಟುಗದ್ದೆಗಳಲ್ಲಿ ಉತ್ತವರ ಮಕ್ಕಳಿಗೂ ಹಾಗೆಯೇ ಅನಿಸಿದ್ದಿರಬೇಕು. ಅದನ್ನು ಬರೆಯಲು ಅಂದು ಪತ್ರಿಕೆಗಳಿರಲಿಲ್ಲ.

ಈಗ ನನ್ನೂರಿಗೆ ಬರುತ್ತೇನೆ. ಈ ಬರಹದ ನಿಜವಾದ ಒತ್ತಡ ಇರುವುದು ಅಲ್ಲಿ. ಕಾಪು 2018ರಲ್ಲಿ ತಾಲೂಕು ಕೇಂದ್ರವಾಯಿತು. ಪಡು, ಉಳಿಯಾರಗೋಳಿ, ಮಲ್ಲಾರು ಗ್ರಾಮಗಳು ಕೂಡಿ ಪುರಸಭೆಯಾಗಿವೆ. ಚತುಷ್ಪಥ ಹೆದ್ದಾರಿಯ ಎರಡು ಕಡೆ ಬಡಾವಣೆಗಳು ಏಳುತ್ತಿವೆ. ಮಣಿಪಾಲದಲ್ಲಿ ಏಳು ದಶಕಗಳಲ್ಲಿ ಆದುದು ಇಲ್ಲಿ ಎರಡು ದಶಕಗಳಲ್ಲಿ ಆಗಬಹುದು. ಪಡು ಎಂದರೆ ಪಶ್ಚಿಮ. ಉಳಿಯಾರಗೋಳಿಯ ಕೊನೆಯಲ್ಲಿ ಒಂದು ಗೋಳಿಮರ ನಿಂತಿದೆ. ಮಲ್ಲಾರಿಗಂತೂ ಲಿಖಿತ ಚರಿತ್ರೆಯೇ ಇದೆ. ಶಕ 1479ರ ಕಾಪು ತಾಮ್ರಶಾಸನದಲ್ಲಿ ಇಲ್ಲಿನ ಅರಸ ಮದ್ದ ಹೆಗ್ಗಡೆಯು ಧರ್ಮನಾಥ ತೀರ್ಥಂಕರರ ಬಸದಿಗೆ ಮಲ್ಲಾರಿನ ಭೂಮಿಯನ್ನು ದತ್ತಿ ಕೊಟ್ಟ ವಿಷಯವಿದೆ. ಆ ಶಾಸನದ ಶಾಪಾಶಯ ಭಾಗವನ್ನು ನಾನು ತರಗತಿಯಲ್ಲಿ ತಪ್ಪದೆ ಓದಿಸುತ್ತೇನೆ. ದತ್ತಿಗೆ ತಪ್ಪುವವನು ಜೈನನಾಗಿದ್ದರೆ ಬೆಳುಗೊಳ, ಕೊಪಣಗಳನ್ನೂ, ಶೈವ ವೈಷ್ಣವನಾಗಿದ್ದರೆ ಅವರವರ ಕ್ಷೇತ್ರಗಳನ್ನೂ ನೆನಪಿಸಿ ಅದು ಎಚ್ಚರಿಸುತ್ತದೆ. ಊರಿನ ಒಂದು ತುಂಡು ನೆಲವನ್ನು ಕಾಯಲು ಇಡೀ ಭರತಖಂಡದ ತೀರ್ಥಗಳನ್ನು ಸಾಕ್ಷಿಗೆ ಕರೆದ ಆ ಲಿಪಿಕಾರನಿಗೆ ಎಲ್ಲೆ, ಗಡಿ, ಹೆಸರುಗಳ ಬೆಲೆ ತಿಳಿದಿತ್ತು.

ಅದೇ ಮಲ್ಲಾರಿನಲ್ಲಿ ನನ್ನ ತಾಯಿಯ ಕುಟುಂಬಕ್ಕೆ ಒಂದಿಷ್ಟು ಗದ್ದೆಯಿತ್ತು. ಬಾಕಿಮಾರು, ಗೋಳಿದಡಿ, ಕೊಡಿಕಂಡ ಎಂದು ಅವುಗಳ ಹೆಸರು. ಉಳುವವರಿಲ್ಲದೆ ಹಡಿಲು ಬಿದ್ದ ಮೇಲೆ ಪಾಲುದಾರರೆಲ್ಲ ಸೇರಿ ಮಾರಲು ಒಪ್ಪಿದೆವು. ನಾನೂ ಒಪ್ಪಿದೆ, ಆ ಹಣದಲ್ಲಿ ನನ್ನ ಪಾಲಿಗೆ ಬಂದುದು ಮನೆಕಟ್ಟುವಿಕೆಗೆ ಒದಗಿತು. ನೋಂದಣಿಯ ದಿನ ಕ್ರಯಪತ್ರವನ್ನು ಓದಿದಾಗ ಸರ್ವೆ ನಂಬರು, ಸೆಂಟ್ಸು, ಚೆಕ್ಕುಬಂದಿ ಎಲ್ಲವೂ ಸರಿಯಾಗಿದ್ದವು. ಪಕ್ಕದಲ್ಲಿ ಕುಳಿತಿದ್ದ ಸೋದರಮಾವ, “ಗದ್ದೆಯ ಹೆಸರು ಹಾಕಿದ್ದಾರಾ ಮಾರಾಯ?” ಎಂದು ಕೇಳಿದರು. ಹಾಕಿರಲಿಲ್ಲ. ಪತ್ರ ಬರೆದವರು, ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲವೆಂದು ವಿನಯದಿಂದಲೇ ಹೇಳಿದರು. ಅದೊಂದು ಸಾಲನ್ನು ಸೇರಿಸಿ ಎಂದು ಪಟ್ಟುಹಿಡಿಯಬಹುದಿತ್ತು. ಹಿಂದೆ ಸರದಿ ಕಾಯುತ್ತಿತ್ತು. ನಾನು ಸುಮ್ಮನೆ ಸಹಿ ಹಾಕಿದೆ. ಸ್ಥಳನಾಮಗಳ ಬಗ್ಗೆ ಪಾಠ ಹೇಳುವವನು ತನ್ನ ಮನೆಯ ಗದ್ದೆಯ ಮೂರು ಹೆಸರುಗಳನ್ನು ದಾಖಲೆಯಿಂದ ಹೊರಗೆ ಬಿಟ್ಟುಬಂದ. ಇಂದು ಅಲ್ಲಿ ಬಡಾವಣೆಯೊಂದಿದೆ. ಅದರ 'ಎನ್‌ಕ್ಲೇವ್' ಎಂಬ ಹೆಸರಿಗೂ ಆ ಮಣ್ಣಿಗೂ ಯಾವ ಸಂಬಂಧವೂ ಇಲ್ಲ. ಮಾವ ತೀರಿಕೊಂಡಿದ್ದಾರೆ.

ಈ ವಾದಕ್ಕೆ ಬರಬಹುದಾದ ಆಕ್ಷೇಪ ನನಗೆ ತಿಳಿಯದ್ದಲ್ಲ. ಹಳೆಯ ಗ್ರಾಮ ಯಾರ ಪಾಲಿಗೆ ಸುಂದರವಾಗಿತ್ತು ಎಂದು ಕೇಳಬಹುದು, ಕೇಳಲೇಬೇಕು. 1933ರಲ್ಲಿ ಬಂದ ಶಿವರಾಮ ಕಾರಂತರ ‘ಚೋಮನ ದುಡಿ’ ಎತ್ತಿದ ಪ್ರಶ್ನೆಯೇ ಅದು. ಬೈಲು, ಬೆಟ್ಟುಗಳ ಹೆಸರನ್ನು ಬಲ್ಲವನಿಗೆ ಅವುಗಳಲ್ಲಿ ಒಂದು ತುಂಡೂ ಇರಲಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿಸಿತು, ಆದರೂ ಭೂಮಿಯಿಲ್ಲದೆ ದುಡಿದವರೆಲ್ಲರಿಗೆ ಅದು ತಲುಪಲಿಲ್ಲ. ಅಂಥವರ ಮಕ್ಕಳಿಗೆ ಪಟ್ಟಣ ಸಂಬಳವನ್ನೂ, ಜಾತಿ ಕೇಳದ ಬೀದಿಯನ್ನೂ ಕೊಟ್ಟಿದೆ. ಆದುದರಿಂದ ಗ್ರಾಮವನ್ನು ಮರಳಿ ತರುವ ಮಾತು ನನ್ನದಲ್ಲ. ಹೆಸರುಗಳನ್ನು ಸಂಗ್ರಹಿಸುವಾಗ ಗುತ್ತು, ಬೀಡುಗಳ ಹೆಸರುಗಳಷ್ಟಕ್ಕೇ ನಿಲ್ಲದೆ, ಕೊರಗರ ಕೊಪ್ಪಗಳ, ನೇಜಿ ನೆಟ್ಟ ಹೆಂಗಸರ, ಕಡಲತೀರದ ಮೊಗವೀರರ ಬಾಯಲ್ಲಿರುವ ಹೆಸರುಗಳನ್ನು ಮೊದಲು ಬರೆದುಕೊಳ್ಳಬೇಕು. ಭೂಮಿಯ ಒಡೆತನ ಕಾಗದದಲ್ಲಿರುತ್ತದೆ. ಕಾಗದವಿಲ್ಲದವರಿಗೆ ಆ ಭೂಮಿಯೊಡನಿದ್ದ ಸಂಬಂಧಕ್ಕೆ ಹೆಸರೊಂದೇ ಪುರಾವೆ. ಅದೂ ಹೋದರೆ ಅವರು ಅಲ್ಲಿ ದುಡಿದಿದ್ದರು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ನಮ್ಮ ಸಾಹಿತ್ಯವೂ ಇಲ್ಲಿ ಒಂದು ಬಾಕಿಯನ್ನು ಉಳಿಸಿಕೊಂಡಿದೆ. ‘ಮರಳಿ ಮಣ್ಣಿಗೆ’ಯ ಕಾಲದಿಂದ ಕನ್ನಡ ಕಾದಂಬರಿ ಹಳ್ಳಿ ಬಿಟ್ಟು ನಗರಕ್ಕೆ ಹೋದವರ, ಹೋಗಿ ಮರಳಿದವರ ಕತೆಯನ್ನು ಸಮೃದ್ಧವಾಗಿ ಹೇಳಿದೆ. ಕುಳಿತಲ್ಲಿಂದ ಏಳದವನ ಸುತ್ತ ನಗರವೇ ನಡೆದುಬಂದು ನಿಂತ ಕತೆಯನ್ನು ಅಷ್ಟಾಗಿ ಹೇಳಿಲ್ಲ. ಆತನಿಗೆ ಮರಳಿ ಹೋಗಲು ಮಣ್ಣೂ ಇಲ್ಲ, ಬಿಟ್ಟುಬಂದೆನೆಂಬ ಕೊರಗೂ ಇಲ್ಲ. ಮನೆ ಅಲ್ಲೇ ಇದೆ, ವಿಳಾಸ ಬದಲಾಗಿದೆ.

ಮಾಡಬೇಕಾದುದು ದೊಡ್ಡದೇನಲ್ಲ. ಉಡುಪಿ ನಗರಸಭೆಯ ವಾರ್ಡುಗಳಲ್ಲಿ ಸರಳೇಬೆಟ್ಟು, ಮೂಡಪೆರಂಪಳ್ಳಿ, ಕರಂಬಳ್ಳಿ, ಗುಂಡಿಬೈಲುಗಳ ಹೆಸರುಗಳು ಉಳಿದಿವೆ, ಇದು ಅನುಕರಣೀಯ. ಕಾಪುವಿನಂತಹ ಹೊಸ ಪುರಸಭೆಗಳು ಬಡಾವಣೆಗೆ ಅನುಮತಿ ಕೊಡುವಾಗ ಆ ನೆಲದ ಹಳೆಯ ಹೆಸರನ್ನು ಕೇಳಿ ರಸ್ತೆಗಾದರೂ ಇಡುವಂತೆ ಸೂಚಿಸಬಹುದು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಗದ್ದೆಯ ಹೆಸರಿಗೆ ಒಂದು ಸಾಲು ಸಾಕು. ಇವೆರಡೂ ಆಡಳಿತದ ಕೈಯಲ್ಲಿವೆ. ನಮ್ಮ ಕೈಯಲ್ಲಿರುವುದು ಮೂರನೆಯದು. ಈ ಎರಡು–ಮೂರು ತಾಲೂಕುಗಳ ಕನ್ನಡ ವಿಭಾಗಗಳು ವರ್ಷಕ್ಕೆ ಒಂದೊಂದು ಗ್ರಾಮವನ್ನು ಹಿಡಿದು ಗದ್ದೆ, ತೋಡು, ಪಳ್ಳ, ಸಂಕ, ಬನ, ಕಟ್ಟೆ, ದಾರಿಗಳ ಹೆಸರುಗಳನ್ನು ಸರ್ವೆ ನಂಬರಿನೊಡನೆ ದಾಖಲಿಸಿದರೆ ಹತ್ತು ವರ್ಷಗಳಲ್ಲಿ ಒಂದು ಕೋಶವೇ ಸಿದ್ಧವಾಗುತ್ತದೆ. ನಾಲ್ಕನೆಯ ಚತುರ್ಮಾಸಕ್ಕೆ ಅಂತರ್ಜಾಲದಿಂದ ನಕಲಿಳಿಸುವ ಕಿರುಪ್ರಬಂಧಗಳಿಗಿಂತ ಇದು ವಿದ್ಯಾರ್ಥಿಗೂ ಊರಿಗೂ ಹಿತ. ನೇಮದ ದಿನ ದೈವದ ನುಡಿಯಲ್ಲಿ ಬರುವ ಮಾಗಣೆಯ ಹೆಸರುಗಳನ್ನು, ನಾಗಬನದ ತಂಬಿಲಕ್ಕೆಂದು ಪರವೂರಿನಿಂದ ಬರುವ ಕುಟುಂಬಗಳ ಹಿರಿಯರ ನೆನಪುಗಳನ್ನು ಕೇಳಿಕೊಳ್ಳಲು ಈಗಲೂ ಸಮಯವಿದೆ. ಇನ್ನೂ ಇಪ್ಪತ್ತು ವರ್ಷ ಕಾದರೆ ಇರುವುದಿಲ್ಲ.

ಅಂದು ಮಣಿಪಾಲದಲ್ಲಿ ಆ ವಿದ್ಯಾರ್ಥಿನಿ ಸಂಜೆಯವರೆಗೆ ಕಾಲ್ನಡಿಗೆಯಲ್ಲಿ ಅಲೆದು ಹದಿನೇಳು ಹೆಸರುಗಳನ್ನು ಬರೆದುಕೊಂಡು ಬಂದಳು. ಅವುಗಳಲ್ಲಿ ನಾಲ್ಕು ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ವಸತಿಗೃಹವೊಂದರ ಹಿಂದೆ ದನ ಕಟ್ಟಿಕೊಂಡಿದ್ದ ಒಬ್ಬ ವೃದ್ಧೆ ಹೇಳಿದ್ದಂತೆ. ನಾನು ಮಲ್ಲಾರಿನ ನನ್ನ ಮೂರು ಹೆಸರುಗಳನ್ನು ಈ ಬರಹದಲ್ಲಾದರೂ ಬರೆದಿಟ್ಟಿದ್ದೇನೆ: ಬಾಕಿಮಾರು, ಗೋಳಿದಡಿ, ಕೊಡಿಕಂಡ. ಓದುಗರು ತಮ್ಮವನ್ನು ಬರೆದಿಡಲಿ.